ಹನ್ನೊಂದು ಅಂಕದ ಹೆಂಗಸು

ಫೆಬ್ರವರಿ 9

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡುವುದನ್ನು ಯಾಕೆ ಬಿಟ್ಟೆ ಎಂದು ನೀನು ಹೋದ ಸಲ ಕೇಳಿದ್ದೆ. ಸಂಜೆ ಆರರ ಮೇಲೆ ನಾನು ಹಲೋ ಅಂದರೆ ಸಾಕು, ನೀನು ಆ ಕಡೆ ಸುಮ್ಮನಾಗಿಬಿಡುತ್ತೀಯ. ನನ್ನ ನಾಲಿಗೆ ಎಷ್ಟು ದಪ್ಪವಾಗಿದೆ ಎಂದು ಕಿವಿಯಲ್ಲೇ ಅಳೆಯುತ್ತಿರುತ್ತೀಯ. ಅದಕ್ಕೇ ಬಿಟ್ಟೆ. ಇದನ್ನು ಬೆಳಿಗ್ಗೆ ಕೂತು ಬರೆಯುತ್ತಿದ್ದೇನೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಈಗ ವಿಷಯ. ಹೋದ ವಾರ ನಮ್ಮವರು ನನ್ನ ಈಜುಕೊಳದ ಚೀಲ ತೊಳೆಯಲು ಹೋಗಿ, ಒದ್ದೆ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಬಾಟಲಿ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಬೈಯಲಿಲ್ಲ. ಲಿಫ್ಟ್ ರಿಪೇರಿ ಮಾಡುವವರಿಗೆ ಬೈಯಲು ಬರುವುದಿಲ್ಲ ಅಂತ ಕಾಣುತ್ತದೆ. ನಡುವೆ ಸಿಕ್ಕಿಹಾಕಿಕೊಂಡವರಿಗೆ "ಹೆದರ್ಬೇಡಿ, ಬಂದೆ" ಎಂದು ಹೇಳಿ ಹೇಳಿ ಅವರಿಗೆ ಅದೊಂದೇ ದನಿ ಉಳಿದಿದೆ. "ನಾಳೆ ಕ್ಲಿನಿಕ್ಕಿಗೆ ಹೋಗೋಣ" ಅಂದರು. ಹೋದೆವು.

ನರ್ಸಮ್ಮ ಡ್ರಾಯರಿನಿಂದ ಒಂದು ಪ್ರಶ್ನಾವಳಿ ತೆಗೆದಳು. ಇಪ್ಪತ್ತನಾಲ್ಕು ಪ್ರಶ್ನೆ. ಹಾಳೆಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಮ್ಮ ಸಂಸ್ಥೆಯ ಹೆಸರು! ನಗು ತಡೆಯಲಾಗಲಿಲ್ಲ.

"ಯಾಕಮ್ಮಾ, ಏನಾಯ್ತು?"

"ಇದನ್ನ ಹೆತ್ತೋಳು ನಮ್ಮಕ್ಕ ಕಣ್ರೀ. ಅಂದ್ರೆ ನಾನು ಇದಕ್ಕೆ ಚಿಕ್ಕಮ್ಮ ಆಗ್ಬೇಕು."

"ಹಾಗಾದ್ರೆ ಚಿಕ್ಕಮ್ಮ, ಮಗು ಹತ್ರ ಸುಳ್ಳು ಹೇಳ್ಬೇಡಿ."

ಹೇಳಲಿಲ್ಲ. ಅವಳು ಓದುತ್ತಾ ಹೋದಳು, ನಾನು ಹೌದು ಇಲ್ಲ ಅನ್ನುತ್ತಾ ಹೋದೆ. ಕೊನೆಗೆ ಕೂಡಿಸಿದಳು. ಹನ್ನೊಂದು. ಹದಿನಾರು ದಾಟಿದರೆ ವಾರ್ಡಿಗೆ ಸೇರಿಸಿಕೊಳ್ಳುತ್ತಾರಂತೆ. ನಂದು 'ಸೌಮ್ಯ' ಅಂತೆ. ನಮ್ಮವರು ಕುರ್ಚಿಯ ತುದಿಗೆ ಬಂದು ಕೇಳಿದರು, "ಸೌಮ್ಯ ಅಂದ್ರೆ?"

"ಅಂದ್ರೆ ಸ್ವಲ್ಪ ಹಿಡಿತದಲ್ಲಿ ಇಟ್ಕೊಂಡ್ರೆ ಸಾಕು. ನೀರು ಜಾಸ್ತಿ ಕುಡೀಲಿ."

ಈಜು ಕಲಿಸುವವಳಿಗೆ ನೀರು ಕುಡಿಯುವ ಉಪದೇಶ! ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ತಮಾಷೆ ಮಾಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ, "ಎಲ್ಲೋ ತಪ್ಪಾಗಿದೆ" ಅಂದರು. ಎರಡು ದಿನದಿಂದ ಅದನ್ನೇ ಅನ್ನುತ್ತಿದ್ದಾರೆ. ಅಕ್ಕಾ, ನೀನೇ ಎರಡು ಸಾಲು ಬರೆದು ಹೇಳು. ಹೆತ್ತವಳ ಮಾತು ಕೇಳುತ್ತಾರೆ.

ನಿನ್ನ ಸೌಮ್ಯ ತಂಗಿ,
ಮೀನು


ಫೆಬ್ರವರಿ 20

ಮೀನು,

ನಿನ್ನ ಕಾಗದವನ್ನು ಆಫೀಸಿನಲ್ಲೇ ಒಡೆದು ಓದಿದೆ. ಪಕ್ಕದ ಮೇಜಿನವರು "ಒಳ್ಳೇ ಸುದ್ದಿನಾ?" ಎಂದು ಕೇಳುವಷ್ಟು ನನ್ನ ಮುಖ ಸಡಿಲವಾಗಿತ್ತಂತೆ. ಒಳ್ಳೆಯ ಸುದ್ದಿಯೇ ಎಂದೆ.

ನಿನ್ನ ಯಜಮಾನರಿಗೆ ಹೀಗೆ ಹೇಳು. ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನಾವು ಕುಡಿತದಿಂದ ಏನೇನಾಯಿತು ಎಂದು ಕೇಳುತ್ತೇವೆ. ಒಂದೊಂದು ಪ್ರಶ್ನೆಯೂ ಏಣಿಯ ಒಂದು ಮೆಟ್ಟಿಲು ಅಂದುಕೊಳ್ಳಲಿ. 'ಅಂದುಕೊಂಡದ್ದಕ್ಕಿಂತ ಹೆಚ್ಚು ಕುಡಿದಿದ್ದೀರಾ' ಎನ್ನುವುದು ಕೆಳಗಿನ ಮೆಟ್ಟಿಲು, ಬಹಳ ಜನ ಹತ್ತುತ್ತಾರೆ. 'ಕುಡಿತದಿಂದ ಕೆಲಸ ಕಳೆದುಕೊಂಡಿದ್ದೀರಾ' ಎನ್ನುವುದು ಮೇಲಿನದು. ಸಾವಿರಾರು ಜನರ ಉತ್ತರಗಳನ್ನು ಇಟ್ಟುಕೊಂಡು, ಯಾವ ಮೆಟ್ಟಿಲು ಎಷ್ಟು ಎತ್ತರದಲ್ಲಿದೆ, ಯಾವ ಪ್ರಶ್ನೆ ಕಷ್ಟದಲ್ಲಿರುವವರನ್ನೂ ಇಲ್ಲದವರನ್ನೂ ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ನಮ್ಮ ಲೆಕ್ಕದ ಮಾದರಿ ಕಂಡುಹಿಡಿಯುತ್ತದೆ. ಉಪಯೋಗವಿಲ್ಲದ ಪ್ರಶ್ನೆಗಳನ್ನು ತೆಗೆದುಹಾಕುತ್ತೇವೆ. ಉಳಿದವನ್ನು ಕೂಡಿಸಿದರೆ ತೊಂದರೆಯ ತೀವ್ರತೆ ಸಿಗುತ್ತದೆ. ಹನ್ನೊಂದು ಎಂದರೆ ಏಣಿಯ ಅರ್ಧವನ್ನೂ ನೀನು ಹತ್ತಿಲ್ಲ. ಅವರು ನಿಶ್ಚಿಂತೆಯಿಂದ ಇರಲಿ. ನೀನೂ ಸ್ವಲ್ಪ ಹುಷಾರಾಗಿರು.

ಬೇಸಿಗೆಯಲ್ಲಿ ಅಲ್ಲಿಗೆ ಬಂದು ಹದಿನೈದು ದಿನ ಇರಬೇಕು ಎಂದುಕೊಂಡಿದ್ದೆ. ಇಲ್ಲಿ ವರದಿ ಮುಗಿಸುವ ಗಡಿಬಿಡಿ. ನಿನ್ನ ಅಂಕ ನೋಡಿದ ಮೇಲೆ ಅವಸರವೇನಿಲ್ಲ ಅನ್ನಿಸಿತು. ಮುಂದೆ ನೋಡೋಣ.

ಒಂದೇ ಮಾತು. ಉತ್ತರಗಳನ್ನೆಲ್ಲ ನಿಜವಾಗಿಯೇ ಕೊಟ್ಟೆ ತಾನೆ?

ನಿನ್ನ ಅಕ್ಕ


ಮಾರ್ಚ್ 4

ಅಕ್ಕಾ,

ನಿಜ ಹೇಳಿದೆಯಾ ಅಂತ ಕೇಳಿದ್ದೀಯ. ನಿನ್ನಾಣೆಗೂ ನಿಜ. ಬೇಕಾದರೆ ನೀನೇ ತಾಳೆ ನೋಡು.

ಕುಡಿದು ಯಾರ ಜೊತೆಗಾದರೂ ಹೊಡೆದಾಡಿದ್ದೀರಾ? ಇಲ್ಲ. ಸ್ನಾನದ ಮನೆಯ ಚಿಲಕ ಹಾಕಿಕೊಂಡು, ಸದ್ದು ಕೇಳದಿರಲಿ ಎಂದು ನಲ್ಲಿ ಬಿಟ್ಟುಕೊಂಡು ಕುಡಿಯುವವಳು ಯಾರ ಜೊತೆ ಹೊಡೆದಾಡಬೇಕು, ಬಕೆಟ್ಟಿನ ಜೊತೆಯಾ? ಪೊಲೀಸರು ಹಿಡಿದಿದ್ದಾರಾ? ಇಲ್ಲ. ರಸ್ತೆಯಲ್ಲಿ ಬಿದ್ದಿದ್ದೀರಾ? ಇಲ್ಲ, ನಾನು ಬೀಳುವುದು ಹಾಸಿಗೆಯ ಮೇಲೇ. ಕುಡಿದು ಗಾಡಿ ಓಡಿಸಿದ್ದೀರಾ? ನನಗೆ ಗಾಡಿ ಬರುವುದಿಲ್ಲ. ಗೆಳೆಯರ ಜೊತೆ ಕುಡಿಯಲು ಕೂತು ಏಳಲಾಗದೆ ಹೋದದ್ದುಂಟಾ? ನನ್ನ ಕುಡಿತಕ್ಕೆ ಗೆಳೆಯರೇ ಇಲ್ಲ. ಕೆಲಸ ಕಳೆದುಕೊಂಡಿದ್ದೀರಾ? ಅದೂ ಇಲ್ಲ. ಈಜುಕೊಳದಲ್ಲಿ ಎಲ್ಲರ ಮೈಯಿಂದಲೂ ಕ್ಲೋರಿನ್ ವಾಸನೆಯೇ ಬರುವುದು, ನನ್ನ ಬಾಯಿಯ ವಾಸನೆ ಅದರಲ್ಲಿ ಮುಳುಗಿ ಹೋಗುತ್ತದೆ.

ಹೀಗೆ ಇಲ್ಲ ಇಲ್ಲ ಅನ್ನುತ್ತಾ ಹೋದಾಗ ಖುಷಿಯೇ ಆಯಿತು ಕಣೆ. ಪರೀಕ್ಷೆಯಲ್ಲಿ ಎಲ್ಲಾ ಪ್ರಶ್ನೆಗೂ ಉತ್ತರ ಗೊತ್ತಿರುವ ಹುಡುಗಿಯ ಹಾಗೆ.

ಆದರೆ ಒಂದು ಪ್ರಶ್ನೆ ಬರುತ್ತದೆ ಅಂತ ಕಾಯುತ್ತಿದ್ದೆ. ಮುಚ್ಚಿಡುತ್ತೀರಾ ಎಂಬ ಪ್ರಶ್ನೆ. ಬರಲೇ ಇಲ್ಲ. ಬಂದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ. ಬಾಟಲಿ ಎಲ್ಲಿಡಬೇಕು, ಖಾಲಿಯಾದದ್ದನ್ನು ಯಾವ ಬೀದಿಯ ಕಸದ ಡಬ್ಬಿಗೆ ಹಾಕಬೇಕು, ಯಾವ ಅಂಗಡಿಯವನು ನನ್ನ ಮುಖ ಮರೆತಿರುತ್ತಾನೆ, ನಮ್ಮವರು ಬರುವ ಮುಂಚೆ ಯಾವಾಗ ಹಲ್ಲುಜ್ಜಬೇಕು. ಈಜು ಕಲಿಸುವುದು ನನ್ನ ಎರಡನೇ ಕೆಲಸ ಅಕ್ಕಾ. ಮೊದಲನೇದು ಇದು.

ನಿನ್ನ ಕಾಗದವನ್ನು ನಮ್ಮವರಿಗೆ ಓದಿ ಹೇಳಿದೆ. ಏಣಿಯ ಮಾತು ಅವರಿಗೆ ಹಿಡಿಸಿತು. "ಅಕ್ಕನೇ ಹೇಳಿದ ಮೇಲೆ ಮುಗೀತು ಬಿಡು" ಅಂದರು. ಅಂದಿನಿಂದ ಚೀಲ ಮುಟ್ಟಿಲ್ಲ.

ಏಪ್ರಿಲ್ಲಿನಲ್ಲಿ ಹೊಸ ತಂಡ ಬರುತ್ತದೆ, ಆರು ವರ್ಷದ ಮರಿಗಳು. ನೀನು ಬೇಸಿಗೆಯಲ್ಲಿ ಬರುವುದಿಲ್ಲ ಎಂದು ಓದಿ ಬೇಜಾರಾಯಿತು. ಸ್ವಲ್ಪ ನಿರಾಳವೂ ಆಯಿತು. ನಿಜ ಹೇಳು ಅಂದೆಯಲ್ಲ, ಅದಕ್ಕೆ ಎರಡನ್ನೂ ಬರೆದಿದ್ದೇನೆ.

ಇದಕ್ಕೆ ಬೇಗ ಉತ್ತರ ಬರಿ.

ಮೀನು


ಏಪ್ರಿಲ್ 17

ಅಕ್ಕನವರಿಗೆ,

ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಮನ್ನಿಸಿ.

ಹೋದ ಶನಿವಾರ ಈಜುಕೊಳದಲ್ಲಿ ಒಂದು ಹುಡುಗಿ ಮುಳುಗಿತು. ಆರು ವರ್ಷದ್ದು. ನಿಮ್ಮ ತಂಗಿಯ ತಂಡದ ಮಗು. ಬದುಕಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ತಂಗಿ ಕೊಳದ ಅಂಚಿನಲ್ಲೇ ನಿಂತಿದ್ದಳು. ಐದು ಮಕ್ಕಳು ಗೋಡೆ ಹಿಡಿದು ಕಾಲು ಬಡಿಯುತ್ತಿದ್ದರು. ಈ ಮಗುವಿನ ಕೈ ಜಾರಿತು. ಇವಳು ಆ ಕಡೆಗೇ ನೋಡುತ್ತಿದ್ದಳಂತೆ, ಆದರೆ ಕಾಣಲಿಲ್ಲವಂತೆ. ನೆಲ ಒರೆಸುವ ಹೆಂಗಸು ಕಿರುಚಿಕೊಂಡು, ಬಟ್ಟೆ ಚಪ್ಪಲಿ ಸಮೇತ ಹಾರಿ ಎತ್ತಿದಳು. ಮಗು ಎರಡು ದಿನ ಆಸ್ಪತ್ರೆಯಲ್ಲಿತ್ತು. ಈಗ ಮನೆಯಲ್ಲಿದೆ. ಅದರ ತಾಯಿ ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂತಿದ್ದರಂತೆ.

ಮ್ಯಾನೇಜರಿಗೆ ವಾಸನೆ ಗೊತ್ತಾಗಿದೆ. ಆದರೆ ಹೊರಗೆ ಬಿಟ್ಟುಕೊಟ್ಟಿಲ್ಲ, ಕೊಳದ ಹೆಸರು ಕೆಡುತ್ತದೆ ಎಂಬ ಭಯ. ಮಗುವಿನ ಮನೆಯವರಿಗೆ ಕಾಲು ಜಾರಿತು ಎಂದಷ್ಟೇ ಹೇಳಿದ್ದಾರೆ. ಒಳಗೆ ಮಾತ್ರ ವಿಚಾರಣೆ ಇಟ್ಟಿದ್ದಾರೆ. ನಾನು ಕ್ಲಿನಿಕ್ಕಿನ ಹಾಳೆ ತೋರಿಸಿದೆ. ಹನ್ನೊಂದು, ಸೌಮ್ಯ ಎಂದು ಬರೆದದ್ದು. ಮ್ಯಾನೇಜರು ಹೇಳಿದರು, "ಈ ಅಳತೆ ಮಾಡಿದೋರೇ ನಿಮ್ಮ ನೆಂಟರು ಅಂತೀರಲ್ಲ, ಅವರ ಕೈಲೇ ಒಂದು ಕಾಗದ ಬರೆಸ್ಕೊಂಬನ್ನಿ. ಈ ಅಂಕ ಇರೋರಿಂದ ಕೆಲಸಕ್ಕೆ ತೊಂದರೆ ಇಲ್ಲ ಅಂತ. ನಾವು ಇಲ್ಲಿಗೇ ಬಿಡ್ತೀವಿ."

ಇವಳು ಆರು ದಿನದಿಂದ ಮಾತಾಡಿಲ್ಲ. ಕೆಲಸವೂ ಹೋದರೆ ಏನಾಗುತ್ತಾಳೋ ನನಗೆ ತಿಳಿಯದು. ದಯವಿಟ್ಟು ಬರೆದುಕೊಡಿ.

ಅಂದು ಬಸ್ಸಿನಲ್ಲಿ ನನಗೆ ನಂಬಿಕೆ ಬಂದಿರಲಿಲ್ಲ. ನೀವು ಬರೆದ ಮೇಲೆ ನಂಬಿದೆ. ಇದನ್ನು ದೂರು ಎಂದು ತಿಳಿಯಬೇಡಿ.

ಇತಿ,
ನಿಮ್ಮ ತಂಗಿಯ ಗಂಡ


ಏಪ್ರಿಲ್ 29

ಮೀನು,

ವಿಚಾರಣೆಯವರಿಗೆ ಕಾಗದ ಕಳಿಸಿದ್ದೇನೆ. ಅದರಲ್ಲಿ ಏನಿದೆ ಎಂದು ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಈ ಅಳತೆ ಹೆಂಗಸರ ವಿಷಯದಲ್ಲಿ ತಪ್ಪು, ಹನ್ನೊಂದು ಬಂದ ಹೆಂಗಸಿಗೆ ಗಂಭೀರ ತೊಂದರೆ ಇರಬಹುದು, ಈಕೆಗೆ ಇದೆ ಎಂದು ನಾನು ನಂಬುತ್ತೇನೆ, ಚಿಕಿತ್ಸೆ ಆಗುವವರೆಗೆ ಮಕ್ಕಳನ್ನು ಈಕೆಯ ಕೈಗೆ ಕೊಡಬಾರದು. ಇಷ್ಟು ಬರೆದಿದ್ದೇನೆ.

ಈಗ ನೀನು ಈ ಕಾಗದವನ್ನು ಹರಿದು ಎಸೆಯಬಹುದು. ಎಸೆಯದಿದ್ದರೆ ಮುಂದೆ ಓದು.

ನೀನು ಕಾಯುತ್ತಿದ್ದ ಪ್ರಶ್ನೆ ಇತ್ತು. 'ಕುಡಿದದ್ದನ್ನು ಮುಚ್ಚಿಡಲು ಪಾಡು ಪಡುತ್ತೀರಾ?' ಮೊದಲ ಪಟ್ಟಿಯಲ್ಲಿ ಹತ್ತೊಂಬತ್ತನೆಯದು. ತೆಗೆದವಳು ನಾನು. ನಮಗೆ ಸಿಕ್ಕ ಉತ್ತರಗಳೆಲ್ಲ ಆಸ್ಪತ್ರೆಗೆ ಬಂದವರವು, ಹತ್ತು ಗಂಡಸರಿಗೆ ಒಬ್ಬ ಹೆಂಗಸು ಇದ್ದರೆ ಹೆಚ್ಚು. ಗಂಡಸರು ಬಚ್ಚಿಟ್ಟು ಕುಡಿಯುವುದು ಕಡಿಮೆ. ಬಚ್ಚಿಟ್ಟವನಿಗೂ ಇಡದವನಿಗೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆ ಪ್ರಶ್ನೆಗೆ ನಮ್ಮ ಲೆಕ್ಕದ ಮಾದರಿ ಎಳೆದ ಗೆರೆ ಏರದೆ ಚಪ್ಪಟೆಯಾಗಿ ಮಲಗಿತ್ತು. ಅಂದು ಸಭೆಯಲ್ಲಿ ನಮ್ಮ ಮೇಷ್ಟ್ರು, ಅಂದರೆ ವಿಭಾಗದ ಮುಖ್ಯಸ್ಥರು, "ಹೆಂಗಸರದ್ದು ಬೇರೆ ನೋಡಿದ್ರಾ?" ಎಂದು ಕೇಳಿದರು. "ಸಂಖ್ಯೆ ಸಾಲಲ್ಲ ಸಾರ್" ಎಂದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಅವರು ಕೇಳಿದ್ದರು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ನಿನ್ನ ಕಾಗದ ಬಂದ ಮೇಲೆ ನೆನಪಾಯಿತು.

ಇಷ್ಟೇ ಆಗಿದ್ದರೆ ಲೆಕ್ಕದ ತಪ್ಪು ಎಂದು ಹೇಳಿ ಬದುಕಿಕೊಳ್ಳಬಹುದಿತ್ತು. ಇಷ್ಟೇ ಅಲ್ಲ.

ಮಾರ್ಚ್ ಆರಕ್ಕೆ ನಿನ್ನ ಕಾಗದ ಸಿಕ್ಕಿತು. ಬಕೆಟ್ಟಿನ ಮಾತಿಗೆ ನಕ್ಕೆ. ಕಸದ ಡಬ್ಬಿಯ ಸಾಲಿಗೆ ಬಂದಾಗ ನಗು ನಿಂತಿತು. ಮಾರನೆಯ ದಿನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಹೆಂಗಸರ ಉತ್ತರಗಳನ್ನಷ್ಟೇ ಬೇರೆ ಮಾಡಿ, ತೆಗೆದುಹಾಕಿದ ಪ್ರಶ್ನೆಯನ್ನು ಮತ್ತೆ ಸೇರಿಸಿ ಲೆಕ್ಕ ಓಡಿಸಿದೆ. ಆ ಚಪ್ಪಟೆ ಗೆರೆ ಗೋಡೆಯ ಹಾಗೆ ಎದ್ದು ನಿಂತಿತು. ಹೆಂಗಸರಲ್ಲಿ ಅದರಷ್ಟು ನಿಖರವಾಗಿ ತೊಂದರೆಯನ್ನು ತೋರಿಸುವ ಪ್ರಶ್ನೆ ಇನ್ನೊಂದಿರಲಿಲ್ಲ. ಹೊಡೆದಾಟ, ಪೊಲೀಸು, ಗಾಡಿ ಇವೆಲ್ಲ ಅವರಲ್ಲಿ ಏನನ್ನೂ ಅಳೆಯುತ್ತಿರಲಿಲ್ಲ. ನಿನ್ನ ಉತ್ತರಗಳನ್ನು, ನೀನು ಬರೆದಷ್ಟನ್ನು, ಅದರಲ್ಲಿ ಹಾಕಿ ನೋಡಿದೆ. ಸಂಖ್ಯೆ ಬರೆಯುವುದಿಲ್ಲ. ವಾರ್ಡಿಗೆ ಸೇರಿಸುವ ಗೆರೆಯ ಈಚೆಗೆ ನೀನು ಇರಲಿಲ್ಲ.

ನನಗೆ ಗೊತ್ತಿತ್ತು ಮೀನು. ಏಪ್ರಿಲ್ಲಿನ ತಂಡ ಬರುತ್ತದೆ ಎಂದೂ ಗೊತ್ತಿತ್ತು, ನೀನೇ ಬರೆದಿದ್ದೆ. ಆದರೂ ಉತ್ತರ ಬರೆಯಲಿಲ್ಲ. ಸಂಖ್ಯೆ ಕಡಿಮೆ, ಇನ್ನೊಮ್ಮೆ ನೋಡೋಣ ಎಂದುಕೊಂಡೆ. ವರದಿ ಅಚ್ಚಿಗೆ ಹೋಗಿದೆ, ಅದು ಮುಗಿಯಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನಿನ್ನ ಹನ್ನೊಂದು ನನಗೆ ರಜೆ ಕೊಟ್ಟಿತ್ತು. ಅಮ್ಮ ಹೋದ ಮೇಲೆ ನಿನ್ನನ್ನು ನೋಡಿಕೊಳ್ಳಬೇಕಾದವಳು ನಾನೊಬ್ಬಳೇ. ನೋಡಿಕೊಳ್ಳದಿರಲು ನನಗೆ ಒಂದು ಕಾಗದ ಸಿಕ್ಕಿತ್ತು, ಅದೂ ನಾನೇ ಮಾಡಿದ ಕಾಗದ. ಅದನ್ನು ವಾಪಸು ಕೊಡಲು ಮನಸ್ಸು ಬರಲಿಲ್ಲ.

ಆ ಮಗುವನ್ನು ನೀರಿಗೆ ತಳ್ಳಿದವಳು ನಾನೇ. ಹಾಗೆಯೇ ಅನ್ನಿಸುತ್ತದೆ.

ನಾನು ಸುಳ್ಳು ಬರೆದುಕೊಟ್ಟಿದ್ದರೆ ಮುಂದಿನ ವಾರ ನೀನು ಮತ್ತೆ ಕೊಳದ ಅಂಚಿನಲ್ಲಿ ನಿಂತಿರುತ್ತಿದ್ದೆ. ಅದಕ್ಕೆ ಬರೆಯಲಿಲ್ಲ. ಬೇಕಾದರೆ ಬೈ, ಫೋನ್ ಮಾಡಿ ಬೈ, ಯಾವ ಹೊತ್ತಿಗಾದರೂ ಸರಿ.

ಅಕ್ಕ


ಮೇ 8

ಕೆಲಸದಿಂದ ತೆಗೆದಿದ್ದಾರೆ. ನಿನ್ನ ಕಾಗದವನ್ನು ನನ್ನೆದುರೇ ಜೋರಾಗಿ ಓದಿದರು. 'ಈಕೆ' ಅಂತ ಬರೆದಿದ್ದೀಯ. ನಾನು ಎಲ್ಲೋ ಸಾಲಿನಲ್ಲಿ ನಿಂತ ಯಾರೋ ಒಬ್ಬಳು ಅನ್ನುವ ಹಾಗೆ, ಈಕೆ.

ತಂಗಿಗೆ ಎರಡು ಸಾಲು ಬರೆಯಲು ನಿನಗೆ ಒಂದೂವರೆ ತಿಂಗಳು ಕೈ ಬರಲಿಲ್ಲ. ಮ್ಯಾನೇಜರಿಗೆ ಮಾತ್ರ ಒಂದೇ ವಾರದಲ್ಲಿ ಪುಟಗಟ್ಟಲೆ ಬಂತು.

ಇನ್ನು ಬರೆಯಬೇಡ.


ಜೂನ್ 2

ಮೀನು,

ಬರೆಯಬೇಡ ಎಂದಿದ್ದೀಯ. ತಿಂಗಳಿಗೊಂದು ಬರೆಯುತ್ತೇನೆ. ಓದದೆ ಇಟ್ಟರೂ ಸರಿ.

ಫೋನ್ ಮಾಡಿದರೆ ನಿನ್ನ ಯಜಮಾನರು 'ಇದ್ದಾಳೆ' ಎಂದಷ್ಟೇ ಹೇಳುತ್ತಾರೆ. ಇದ್ದಾಳೆ ಎಂಬ ಮಾತು ಇಷ್ಟು ಭಾರವಿರುತ್ತದೆ ಎಂದು ತಿಳಿದಿರಲಿಲ್ಲ.

ಅಕ್ಕ


ಜುಲೈ 21

ಮೀನು,

ಸಂಸ್ಥೆಯಲ್ಲಿ ಸಭೆ ಕರೆಸಿದೆ. ಈ ಅಳತೆಯನ್ನು ಹೆಂಗಸರಿಗೆ ಬಳಸುವುದನ್ನು ಈಗಲೇ ನಿಲ್ಲಿಸಬೇಕು, ಎಲ್ಲ ಕ್ಲಿನಿಕ್ಕುಗಳಿಗೂ ತಿಳಿಸಬೇಕು ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಮನೇಲಿ ಆಗಿರೋದು ದುಃಖದ ವಿಷಯ. ಆದ್ರೆ ಒಬ್ಬರ ಕಥೆ ಇಟ್ಕೊಂಡು ಅಳತೆ ಬದಲಾಯಿಸಕ್ಕಾಗುತ್ತಾ?"

"ಒಬ್ಬರದ್ದಲ್ಲ ಸಾರ್. ಹೆಂಗಸರ ಉತ್ತರ ಎಲ್ಲಾ ನಮ್ಮ ಹತ್ರನೇ ಇದ್ವು. ನಾನು ನೋಡ್ಲಿಲ್ಲ. ನೀವು ಕೇಳಿದ್ರಿ, ಆದ್ರೂ ನೋಡ್ಲಿಲ್ಲ."

ನಾನು ಅವರನ್ನು ದೂರಲು ಬಂದಿದ್ದೇನೆ ಎಂದುಕೊಂಡಿದ್ದರು ಅನ್ನಿಸುತ್ತದೆ. ಕನ್ನಡಕ ಮತ್ತೆ ಹಾಕಿಕೊಂಡು, "ನಾನೂ ಎರಡನೇ ಸಲ ಕೇಳ್ಲಿಲ್ಲವಲ್ಲ" ಎಂದರು. ಹೊಸದಾಗಿ ಹೆಂಗಸರ ಉತ್ತರ ಕಲೆಹಾಕುವವರೆಗೆ, ಹೆಂಗಸರಿಗೆ ಅಂಕ ಎಷ್ಟೇ ಬರಲಿ, ಡಾಕ್ಟರು ನೋಡದೆ ಮನೆಗೆ ಕಳಿಸಬಾರದು ಎಂದು ತೀರ್ಮಾನವಾಯಿತು. ಹೇಳಲು ನಾನೇ ಒಂದೊಂದು ಕ್ಲಿನಿಕ್ಕಿಗೂ ಹೋಗುತ್ತಿದ್ದೇನೆ. "ಅಳತೆ ಮಾಡಿದೋರು ನೀವೇನಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಕೆಲವರು ಚಹಾ ತರಿಸುತ್ತಾರೆ. ಒಬ್ಬಳು ನರ್ಸು ಹಳೆಯ ಹಾಳೆಗಳ ಕಟ್ಟನ್ನು ನನ್ನ ಮುಂದೆ ಇಟ್ಟು, "ಹಾಗಾದ್ರೆ ಇವರನ್ನೆಲ್ಲ ಎಲ್ಲಿ ಹುಡುಕ್ಲಿ ಮೇಡಂ?" ಎಂದಳು.

ನಿಮ್ಮೂರಿಗೂ ಬಂದಿದ್ದೆ ಎಂದು ನಿನಗೆ ಗೊತ್ತು. ಬಾಗಿಲು ತೆಗೆದವರು ನಿನ್ನ ಯಜಮಾನರು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಸ್ನಾನದ ಮನೆಯ ಚಿಲಕ ಬಿಚ್ಚಲೋ ಬೇಡವೋ ಎಂದು ಯೋಚಿಸುತ್ತಾ ಅರ್ಧ ಗಂಟೆಯಿಂದ ನಿಂತಿದ್ದರಂತೆ. ಒಳಗೆ ನಲ್ಲಿ ಹರಿಯುತ್ತಿತ್ತು.

"ಮೀನೂ, ನಾನು ಕಣೇ" ಎಂದೆ.

ನಲ್ಲಿ ನಿಂತಿತು. ನೀನು ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಮರೆಯಲಾಗುತ್ತಿಲ್ಲ. "ಇವತ್ತು ಎಷ್ಟು ಅಂಕ ಕೊಡ್ತೀಯಕ್ಕಾ?"

ಆಮೇಲೆ ನಲ್ಲಿ ಮತ್ತೆ ಶುರುವಾಯಿತು. ನಾನು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತೆ. ನಿನ್ನ ಯಜಮಾನರು ನನಗೊಂದು ಕುರ್ಚಿ ತಂದರು, ನಾನು ಕೂರದಿದ್ದಾಗ ತಾವೂ ಕೂರಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಮೂವರೂ ಹಾಗೇ ಇದ್ದೆವು. ಎದ್ದು ಬರುವಾಗ ಅವರು ಮೆಟ್ಟಿಲವರೆಗೂ ಬಂದು ಹೇಳಿದರು, "ನೀವು ಬರೆದಿದ್ದು ಸರಿ. ನಾನೇ ಬರ್ಕೊಡಿ ಅಂತ ಕೇಳಬಾರದಿತ್ತು." ತಪ್ಪಿನಲ್ಲಿ ಅವರಿಗೂ ಒಂದು ಪಾಲು ಬೇಕಾಗಿತ್ತು ಅಂತ ಕಾಣುತ್ತದೆ. ನಾನು ಕೊಡಲಿಲ್ಲ. ಎಲ್ಲವೂ ನನ್ನದೇ.

ಮುಂದಿನ ತಿಂಗಳು ಮತ್ತೆ ಬರೆಯುತ್ತೇನೆ.

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ವಾರ್ಡಿನಿಂದ ಬರೆಯುತ್ತಿದ್ದೇನೆ. ಹೆಂಗಸರ ಕಡೆ ಆರು ಮಂಚ, ನನ್ನದು ಕಿಟಕಿಯ ಪಕ್ಕ. ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತದೆ. ಮೊದಲ ವಾರ ಚಮಚ ಹಿಡಿಯಲು ಆಗುತ್ತಿರಲಿಲ್ಲ, ಈಗ ಪೆನ್ನು ಹಿಡಿಯುತ್ತೇನೆ. ನಿನ್ನ ಆಗಸ್ಟಿನ ಕಾಗದ ನಮ್ಮವರ ಕೈಗೆ ಸಿಕ್ಕಿದೆಯಂತೆ. ನಾನಿನ್ನೂ ಓದಿಲ್ಲ.

ನೀನು ಬಾಗಿಲ ಹೊರಗೆ ಕೂತದ್ದಕ್ಕೆ ನಾನು ಇಲ್ಲಿಗೆ ಬಂದೆ ಅಂದುಕೊಳ್ಳಬೇಡ. ಆ ದಿನ ನೀನು ಹೋದ ಮೇಲೆ ಇನ್ನೂ ಹೆಚ್ಚೇ ಕುಡಿದೆ. ಬಂದದ್ದು ಬೇರೆ ಕಾರಣಕ್ಕೆ.

ಆಗಸ್ಟ್ ಕೊನೆಯಲ್ಲಿ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಯಾರೋ ತೋಳು ಮುಟ್ಟಿದರು. ತಿರುಗಿದರೆ ಆ ಮಗುವಿನ ತಾಯಿ. ಮಗುವೂ ಇತ್ತು. ತಾಯಿ ಅದರ ಮಣಿಕಟ್ಟನ್ನು ಹಿಡಿದಿದ್ದ ಬಿಗಿಗೆ ಚರ್ಮ ಬೆಳ್ಳಗಾಗಿತ್ತು. ಈಗ ಹಿಡಿದಳು ಕೊರಳಪಟ್ಟಿ ಅಂದುಕೊಂಡೆ. ಅವಳು ಕಣ್ಣು ತುಂಬಿಕೊಂಡು, "ಮೇಡಂ, ನನ್ನಿಂದ ನಿಮ್ಮ ಕೆಲಸ ಹೋಯ್ತಂತೆ. ನಾನು ಫೋನ್ ನೋಡ್ತಾ ಕೂತಿದ್ದೆ. ತಪ್ಪು ನಂದು. ನನ್ನ ಕ್ಷಮಿಸ್ಬಿಡಿ" ಅಂದಳು.

ಕೊಳದವರು ಅವಳಿಗೆ ಹಾಗೇ ಹೇಳಿದ್ದಾರೆ. ಬೆಂಚಿನ ಮೇಲೆ ಕೂತ ಪೋಷಕರೇ ನಿಗಾ ಇಡಬೇಕಿತ್ತು ಅಂತ. ನಾಲ್ಕೂವರೆ ತಿಂಗಳಿಂದ ಅವಳು ಮಗುವನ್ನು ಒಂದು ಗಳಿಗೆ ಬಿಟ್ಟಿರುವುದಿಲ್ಲವಂತೆ. ಗಂಡ ಮುಖ ಕೊಟ್ಟು ಮಾತಾಡುವುದಿಲ್ಲವಂತೆ. ಸಾಲಿನಲ್ಲಿ ನಿಂತೇ ಇಷ್ಟನ್ನೂ ನನಗೆ ಹೇಳಿದಳು, ನಾನು ದೊಡ್ಡ ಮನಸ್ಸಿನವಳು ಅನ್ನುವ ಹಾಗೆ.

ನಾನೇನು ಮಾಡಿದೆ ಗೊತ್ತಾ? "ಇರ್ಲಿ ಬಿಡಿ, ಆಗಿದ್ದು ಆಗೋಯ್ತು" ಅಂದೆ. ಅವಳು ಕೇಳಿದ ಕ್ಷಮೆಯನ್ನು ಕೊಟ್ಟೆ ಅಕ್ಕಾ! ಕೊಟ್ಟು, ಮನೆಗೆ ಬಂದು, ಚಿಲಕ ಹಾಕಿಕೊಂಡು ಕುಡಿದೆ. ಇಷ್ಟು ವರ್ಷ ಕುಡಿದಿದ್ದೇನೆ, ಅವತ್ತು ಮೊದಲ ಸಲ ಅದು ಕೆಲಸ ಮಾಡಲಿಲ್ಲ. ಬಾಟಲಿ ಮುಗಿದರೂ ಆ ಮಗುವಿನ ಬಿಳುಚಿದ ಮಣಿಕಟ್ಟು ಹಾಗೇ ಕಾಣುತ್ತಿತ್ತು.

ಮೂರು ದಿನ ಆದ ಮೇಲೆ, ಬೆಳಿಗ್ಗೆ, ಏನೂ ಕುಡಿಯದೆ ಅವರ ಮನೆ ಹುಡುಕಿಕೊಂಡು ಹೋದೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಕರೆಗಂಟೆಯನ್ನು ಮೊಣಕೈಯಲ್ಲಿ ಒತ್ತಿದೆ. ಅವಳು ಬಾಗಿಲು ತೆಗೆದು, "ಬನ್ನಿ ಮೇಡಂ, ಒಳಗೆ ಬನ್ನಿ" ಅಂದಳು. ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ.

"ತಪ್ಪು ನಿಮ್ದಲ್ಲ. ಅವತ್ತು ನಾನು ಕುಡಿದಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ.

"ಎಷ್ಟು ಕುಡಿದಿದ್ರಿ?"

ಹೇಳಿದೆ. ಕ್ಲಿನಿಕ್ಕಿನ ನರ್ಸಿಗೂ, ನಮ್ಮವರಿಗೂ, ನಿನಗೂ ಹೇಳದ ಲೆಕ್ಕ. ಬೆಳಿಗ್ಗೆ ಎದ್ದಾಗಿನಿಂದ ಕೊಳಕ್ಕೆ ಹೋಗುವವರೆಗೆ ಏನು, ಬಟ್ಟೆ ಬದಲಿಸುವ ಕೋಣೆಯಲ್ಲಿ ಏನು, ಎಲ್ಲ.

"ನನ್ನ ಮಗಳ ಕೈ ಹಿಡ್ಕೊಂಡು ನೀರಿಗೆ ಇಳಿಸಿದ್ರಲ್ಲ, ಆಗ್ಲೂ?"

"ಹೌದು."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೂ ಇತ್ತು. ಅವಳು ಒಳಗೆ ತಿರುಗಿ ಗಂಡನನ್ನು ಕೂಗಿದಳು. "ರೀ, ಬನ್ನಿ ಇಲ್ಲಿ. ಇವ್ರು ಏನು ಹೇಳ್ತಿದಾರೆ ಕೇಳಿ." ಅವನು ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡೇ ಬಂದ. ಅವಳು ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹೇಳಿ. ಇವರಿಗೂ ಹೇಳಿ" ಅಂದಳು. ಮೊದಲಿಂದ ಹೇಳಿದೆ. ಅವನು ನನ್ನನ್ನು ನೋಡಲೇ ಇಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಆಮೇಲೆ ಅವಳು ಬಾಗಿಲು ಹಾಕಿದಳು. ಮೆಟ್ಟಿಲು ಇಳಿಯುವಾಗ ಒಳಗೆ ಅವಳು ಅಳುವುದು ಕೇಳಿಸಿತು. ಬಾಯಿಬಿಟ್ಟು, ಜೋರಾಗಿ, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ.

ಅಲ್ಲಿಂದ ನೇರ ಇಲ್ಲಿಗೆ ನಡೆದುಕೊಂಡು ಬಂದೆ. ಅವರು ದೂರು ಕೊಡಬಹುದು. ನಮ್ಮವರು ವಕೀಲರನ್ನು ನೋಡೋಣ ಅಂದರು. ಬೇಡ, ಕೊಡಲಿ ಅಂದೆ.

ಈಗ ನಿನ್ನ ವಿಷಯ. ಏಪ್ರಿಲ್ಲಿನ ಕಾಗದದಲ್ಲಿ 'ಮಗುವನ್ನು ನೀರಿಗೆ ತಳ್ಳಿದವಳು ನಾನೇ' ಅಂತ ನೀನು ಬರೆದೆ. ಜುಲೈಯಲ್ಲಿ 'ಎಲ್ಲವೂ ನನ್ನದೇ' ಅಂತ ಬರೆದೆ. ಅದನ್ನು ಓದಿ ನನಗೆ ಎಷ್ಟು ಹಾಯಾಗಿತ್ತು ಗೊತ್ತಾ? ಕುಡಿಯುವಾಗೆಲ್ಲ ಅದನ್ನೇ ಓದಿಕೊಳ್ಳುತ್ತಿದ್ದೆ. ಅಕ್ಕನ ಲೆಕ್ಕ ತಪ್ಪಿತು, ಪಾಪ ನಾನೇನು ಮಾಡಲಿ ಅಂತ. ಹಾಗೆ ಇನ್ನೊಮ್ಮೆ ಬರೆಯಬೇಡ. ಬಾಟಲಿ ಎತ್ತಿದ್ದು ನನ್ನ ಕೈ. ಮಗು ಜಾರಿದಾಗ ನೋಡುತ್ತಾ ನಿಂತಿದ್ದು ನನ್ನ ಕಣ್ಣು. ಅದನ್ನು ನೀನು ಹೊತ್ತುಕೊಂಡರೆ ನನಗೆ ಇಲ್ಲಿ ಮಾಡಲು ಕೆಲಸವೇ ಉಳಿಯುವುದಿಲ್ಲ.

ನಿನ್ನದು ಏನು ಅಂತ ನಿನಗೆ ಗೊತ್ತು. ಮಾರ್ಚ್ ಆರರಿಂದ ಆ ಶನಿವಾರದವರೆಗೆ ನೀನು ಸುಮ್ಮನಿದ್ದೆ. ಅದು ನಿಂದು, ಅದನ್ನು ನಾನು ಮನ್ನಿಸಿಲ್ಲ. ಸಿಟ್ಟು ಹಾಗೇ ಇದೆ. ಇಲ್ಲಿಯ ಡಾಕ್ಟರು ಎಲ್ಲವನ್ನೂ ಬರೆದು ತೆಗೆಯಿರಿ ಅನ್ನುತ್ತಾರೆ. ಮೂರು ಹಾಳೆ ಹರಿದೆ. ಕಾಗದದಲ್ಲಿ ಬೈದರೆ ನೀನು ಅದನ್ನು ಮಡಿಸಿ ಇಟ್ಟುಕೊಂಡು ಕೊರಗುತ್ತೀಯ, ಅಷ್ಟೇ. ಎದುರು ಕೂರಿಸಿಕೊಂಡು ಬೈಯಬೇಕು.

ಭಾನುವಾರ ಮೂರರಿಂದ ಐದರವರೆಗೆ ನೋಡಲು ಬಿಡುತ್ತಾರೆ. ಬಾ.

ಮೀನು